ರಿಮ್ಮಿನ ಬೆನ್ನು

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಅಲಾಯ್ ವೀಲ್‌ಗಳು ಹೊಳೆಯುವ ಮುಖವನ್ನೇ ಗಿರಾಕಿಗೆ ತೋರುತ್ತವೆಯಾದರೂ, ಚಕ್ರದ ವಿಷಯದಲ್ಲಿ ನಿಜವಾದ ಒಲವುಳ್ಳವರು ಮೊದಲು ಅದನ್ನು ಮಗುಚಿ ಬೆನ್ನನ್ನು ನೋಡುತ್ತಾರೆ. ಅಲ್ಲಿ ಅಚ್ಚಾಗಿರುವ ‘ಇಟಿ’ ಎಂಬ ಅಕ್ಷರಗಳ ಮುಂದಿನ ಸಂಖ್ಯೆಯೇ ಆಫ್‌ಸೆಟ್. ಅಂದರೆ ರಿಮ್ಮಿನ ಅಗಲವನ್ನು ಸಮನಾಗಿ ಇಬ್ಭಾಗಿಸುವ ನಡುಗೆರೆಗೂ, ಕಾರಿನ ಹಬ್‌ಗೆ ಒತ್ತಿ ಕೂರುವ ಮೇಲ್ಮೈಗೂ ನಡುವಣ ಅಂತರ, ಮಿಲಿಮೀಟರುಗಳಲ್ಲಿ. ಆ ಮೇಲ್ಮೈ ನಡುಗೆರೆಯಿಂದ ಹೊರಬದಿಗಿದ್ದರೆ ಆಫ್‌ಸೆಟ್ ಧನ, ಒಳಬದಿಗಿದ್ದರೆ ಋಣ.

ಬ್ಯಾಕ್‌ಸ್ಪೇಸಿಂಗ್ ಎಂಬುದು ಅದೇ ಮೇಲ್ಮೈಯಿಂದ ರಿಮ್ಮಿನ ಒಳ ಅಂಚಿನವರೆಗಿನ ಅಳತೆಯಾಗಿದ್ದು, ಅಮೆರಿಕದಲ್ಲಿ ಇದನ್ನು ಇಂಚುಗಳಲ್ಲಿ ಹೇಳುವುದು ವಾಡಿಕೆ. ಇದನ್ನು ಕೈಯಾರೆ ಅಳೆಯುವುದೇ ಒಂದು ಸೊಗಸು: ಟೈರಿಲ್ಲದ ರಿಮ್ಮನ್ನು ಬಟ್ಟೆಯ ಮೇಲೆ ಮುಖ ಕೆಳಗಾಗಿ ಮಲಗಿಸಿ, ಅಂಚುಗಳ ಮೇಲೆ ನೇರವಾದ ಪಟ್ಟಿಯೊಂದನ್ನು ಅಡ್ಡವಿಟ್ಟು, ಅಲ್ಲಿಂದ ಹಬ್ ಕೂರುವ ಮೇಲ್ಮೈಗೆ ಟೇಪು ಇಳಿಸಿದರಾಯಿತು. ಬಂದ ಅಳತೆಯಿಂದ ರಿಮ್ಮಿನ ಒಟ್ಟು ಅಗಲದ ಅರ್ಧವನ್ನು ಕಳೆದರೆ, ಅಚ್ಚು ಸವೆದ ರಿಮ್ಮಿನ ಆಫ್‌ಸೆಟ್ ಕೂಡ ದೊರೆಯುತ್ತದೆ. ಆದರೆ 7 ಇಂಚಿನ ರಿಮ್ ಎಂದಾಗ ಹೇಳುವುದು ಟೈರು ಕೂರುವ ಜಾಗದ ಅಗಲವನ್ನಷ್ಟೇ. ಎರಡೂ ಅಂಚುಗಳು ಸೇರಿದರೆ ಒಟ್ಟು ಸುಮಾರು 8 ಇಂಚಾಗುತ್ತದೆ.

ಮಾರುತಿ ಸುಜುಕಿ ಜಿಮ್ನಿಯ ರಿಮ್ 5.5 ಇಂಚು ಅಗಲದ್ದು, ಆಫ್‌ಸೆಟ್ 5. ಆ ಜಾಗಕ್ಕೆ 7 ಇಂಚಿನ, ಸೊನ್ನೆ ಆಫ್‌ಸೆಟ್‌ನ ರಿಮ್ ಬಂದರೆ, ಹೆಚ್ಚಿದ 38 ಮಿ.ಮೀ. ಎರಡು ಬದಿಗೂ 19ರಂತೆ ಹಂಚಿಹೋಗಿ, ಇಡೀ ರಿಮ್ 5 ಮಿ.ಮೀ. ಹೊರಸರಿಯುವುದರಿಂದ, ಒಳ ಅಂಚು 14 ಮಿ.ಮೀ. ಸಸ್ಪೆನ್ಷನ್ ಕಡೆಗೂ ಹೊರ ಅಂಚು 24 ಮಿ.ಮೀ. ಮಡ್‌ಗಾರ್ಡ್ ಕಡೆಗೂ ಚಾಚುತ್ತವೆ. ಕಾಗದದ ಮೇಲೆ ಕೂಡಿ ಕಳೆದ ಈ ಲೆಕ್ಕ ಕಾರಿನಡಿಯಲ್ಲಿ ಹಾಗೆಯೇ ಕಾಣಿಸಿಕೊಳ್ಳುವುದು ಈ ಹವ್ಯಾಸದ ಬಹು ದೊಡ್ಡ ಸುಖ.

ಇದಕ್ಕಿಂತ ಆಳವಾದದ್ದು ಸ್ಕ್ರಬ್ ರೇಡಿಯಸ್. ಮುಂದಿನ ಚಕ್ರ ಹೊರಳುವ ಓರೆ ಅಕ್ಷವನ್ನು ನೆಲದವರೆಗೆ ಎಳೆದಾಗ ಸಿಗುವ ಬಿಂದುವಿಗೂ ಟೈರು ನೆಲವನ್ನು ಒತ್ತುವ ಜಾಗದ ನಡುವಿಗೂ ಇರುವ ಅಂತರವಿದು. ಒಂದು ಬದಿಯ ಬ್ರೇಕು ಹೆಚ್ಚು ಹಿಡಿದರೂ ಕಾರು ಎಳೆಯದಿರಲೆಂದು 1972ರ ಆಡಿ 80 ಕಾರಿನಲ್ಲಿ ಈ ಅಂತರವನ್ನು ಋಣವಾಗಿಯೇ, ಅಂದರೆ ಆ ಬಿಂದು ಟೈರಿನ ನಡುವಿಗಿಂತ ಹೊರಬದಿಗೆ ಬೀಳುವಂತೆ, ಇಡಲಾಗಿತ್ತು. ಆಫ್‌ಸೆಟ್ ಎಷ್ಟು ತಗ್ಗುತ್ತದೆಯೋ ಟೈರಿನ ನಡು ಅಷ್ಟೇ ಹೊರಗೆ ಸರಿದು, ಇಂಥ ಎಚ್ಚರದ ವಿನ್ಯಾಸ ಕದಡುತ್ತದೆ, ಬೇರಿಂಗಿನ ಮೇಲಿನ ಹೊರೆಯೂ ಏರುತ್ತದೆ. ಅದಕ್ಕಾಗಿಯೇ ಬಲ್ಲವರು ಮೂಲ ಆಫ್‌ಸೆಟ್‌ಗೆ ಹತ್ತಿರದ ರಿಮ್ಮನ್ನೇ ಆರಿಸಿ, ಹಣ ಕೊಡುವ ಮುನ್ನ ಒಂದನ್ನು ಕಾರಿಗೆ ಕೂರಿಸಿ, ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ, ಎಲ್ಲಿಯೂ ತಾಗದೆಂಬುದನ್ನು ಖಚಿತಪಡಿಸಿಕೊಳ್ಳುತ್ತಾರೆ.