ಬರಗಾಲ ಬರೆದ ಎರಡು ಗೆರೆ

ಗಾಜನ್ನು ಅಂಚಿನಲ್ಲಿ ಮಾತ್ರ ಹಿಡಿಯಿರಿ. ನಡುವೆ ಬೆರಳು ತಾಗಿದರೆ ಒಂದು ಹೊಲವೇ ಮಸುಕಾಗಿಬಿಡುತ್ತದೆ. ಇನ್ನೊಂದು ಕೈಯಲ್ಲಿ ಭೂತಗನ್ನಡಿ ಇರಲಿ. ಈಗ ಕಿಟಕಿಯ ಬೆಳಕಿಗೆ ಎತ್ತಿ ನೋಡಿ. ತೊಳೆದ ರಾಸಾಯನಿಕದ ಹುಳಿ ವಾಸನೆ ಇನ್ನೂ ಪೂರ್ತಿ ಹೋಗಿಲ್ಲ, ಮೂಗಿಗೆ ಸಣ್ಣಗೆ ತಾಗುತ್ತಿದೆ.

ಇದು 1923ರ ಇಂಗ್ಲೆಂಡ್. ಈ ಗಾಜಿನ ನೆಗೆಟಿವ್‌ಗಳನ್ನು ಎರಡು ವರ್ಷದ ಹಿಂದೆ ವಾಯುಪಡೆಯವರು ತೆಗೆದಿದ್ದಾರೆ. ಸಾಲಿಸ್‌ಬರಿಯ ಹತ್ತಿರದ ಓಲ್ಡ್ ಸೇರಮ್ ನೆಲೆಯಿಂದ ಹಾರಿ, ಕೆಳಗಿನ ನೆಲಕ್ಕೆ ಕ್ಯಾಮೆರಾ ಹಿಡಿದು, ಪ್ಲೇಟು ಬದಲಿಸುತ್ತ ಹೋಗಿದ್ದಾರೆ. ಇತಿಹಾಸ ಅವರ ಕೆಲಸವಾಗಿರಲಿಲ್ಲ. ಪ್ಲೇಟುಗಳು ಪೆಟ್ಟಿಗೆ ಸೇರಿದವು, ಪೆಟ್ಟಿಗೆ ಕಪಾಟು ಸೇರಿತು. ಈಗ ಅವು ನಿಮ್ಮ ಮುಂದಿವೆ.

ಇಷ್ಟು ಹೊತ್ತಿನ ಮಟ್ಟಿಗೆ ನೀವು ಒ.ಜಿ.ಎಸ್. ಕ್ರಾಫರ್ಡ್. ವಯಸ್ಸು 36. ಬ್ರಿಟನ್ನಿನ ನಕಾಶೆ ಇಲಾಖೆಯಾದ ಆರ್ಡ್‌ನನ್ಸ್ ಸರ್ವೆಯ ಮೊದಲ ಪುರಾತತ್ವ ಅಧಿಕಾರಿ. ಹುಟ್ಟಿದ್ದು ಮುಂಬಯಿಯಲ್ಲಿ. ನೀವು ಹುಟ್ಟಿದ ಕೆಲವೇ ದಿನಕ್ಕೆ ತಾಯಿ ತೀರಿಕೊಂಡರು, ಮೂರು ತಿಂಗಳ ಕೂಸನ್ನು ಹಡಗು ಹತ್ತಿಸಿ ಇಲ್ಲಿಗೆ ಕಳಿಸಿದರು. ಆ ಊರಿನ ನೆನಪು ನಿಮಗಿಲ್ಲ. ಇರುವ ನೆನಪು ಯುದ್ಧದ್ದು, ಅದೂ ಪಾದದಲ್ಲಿ. 1917ರಲ್ಲಿ ವೀಕ್ಷಕನಾಗಿ ಮೊದಲ ಸಲ ವಿಮಾನ ಹತ್ತಿದಾಗಲೇ ಜರ್ಮನ್ ಗುಂಡು ಪಾದವನ್ನು ತೂರಿಹೋಯಿತು. ಮರುವರ್ಷ ವಿಮಾನವೇ ನೆಲಕ್ಕಿಳಿಯಬೇಕಾಯಿತು, ಯುದ್ಧ ಮುಗಿಯುವವರೆಗೆ ಸೆರೆ. ಅದಕ್ಕೂ ಮೊದಲು ಸೈನ್ಯದ ನಕಾಶೆ ವಿಭಾಗದಲ್ಲಿದ್ದಾಗ ಕಂದಕಗಳ ಚಿತ್ರ ತೆಗೆಯುವುದನ್ನು, ಓದುವುದನ್ನು ಕಲಿತಿರಿ. ಮೇಲಿಂದ ನೋಡಿದರೆ ಮನುಷ್ಯ ಅಗೆದದ್ದು ಹೇಗೆ ಕಾಣುತ್ತದೆ ಎಂಬುದು ನಿಮ್ಮ ಕಣ್ಣಿಗೆ ಜೀವಭಯದ ಜೊತೆಗೇ ಇಳಿದ ಪಾಠ.

ಮೊದಲು ಪರಿಚಯದ ಜಾಗದ ಪ್ಲೇಟು ಸಿಗುತ್ತದೆ. ಸ್ಟೋನ್‌ಹೆಂಜ್. ನೆಗೆಟಿವ್‌ನಲ್ಲಿ ಎಲ್ಲವೂ ತಿರುವುಮುರುವು. ಕಲ್ಲುಗಳ ನೆರಳು ಬೆಳ್ಳಗೆ ಚಾಚಿಕೊಂಡಿದೆ, ಒಣಗಿದ ಹುಲ್ಲು ಕಪ್ಪಗಿದೆ. ನೆರಳು ಬೀಳುವ ದಿಕ್ಕು ನೋಡಿಕೊಂಡು ಗಾಜನ್ನು ತಿರುಗಿಸಿಕೊಳ್ಳುತ್ತೀರಿ. ಹಾಗೆ ಮಾಡದಿದ್ದರೆ ಕಣ್ಣು ಮೋಸ ಹೋಗುತ್ತದೆ, ದಿಬ್ಬ ಹಳ್ಳವಾಗುತ್ತದೆ, ಹಳ್ಳ ದಿಬ್ಬವಾಗುತ್ತದೆ. ಕಲ್ಲುಗಳ ಆಚೆ ಯುದ್ಧಕಾಲದ ವಿಮಾನ ನೆಲೆಯ ಕಟ್ಟಡಗಳಿವೆ. ಕಲ್ಲಿನ ವೃತ್ತದೊಳಗೆ ಕರ್ನಲ್ ಹಾಲಿ ಎಂಬವರು 1919ರಿಂದ ಅಗೆಯುತ್ತಲೇ ಇದ್ದಾರೆ. ಎಲ್ಲರ ಕಣ್ಣು ಆ ವೃತ್ತದ ಮೇಲೆ.

ನಿಮ್ಮ ಭೂತಗನ್ನಡಿ ಮಾತ್ರ ಹೊರಗೆ ಜಾರುತ್ತದೆ. ವೃತ್ತದಿಂದ ಈಶಾನ್ಯಕ್ಕೆ ಎರಡು ಸಣ್ಣ ಅಗಳು, ಅವುಗಳ ನಡುವೆ ಅಗಲವಾದ ದಾರಿ. ಬಲ್ಲವರು ಇದಕ್ಕೆ ಅವೆನ್ಯೂ ಎಂದು ಹೆಸರಿಟ್ಟಿದ್ದಾರೆ. ಎರಡು ನೂರು ವರ್ಷದ ಹಿಂದೆ ವಿಲಿಯಂ ಸ್ಟ್ಯೂಕ್ಲಿ ಇದರ ಜಾಡು ಹಿಡಿದು ನಡೆದ. ತಗ್ಗಿಗೆ ಇಳಿದ ಮೇಲೆ ಅದು ಕವಲೊಡೆದು, ಒಂದು ಕವಲು ಪೂರ್ವದ ದಿಬ್ಬದತ್ತ ಹೋಗುತ್ತದೆ ಎಂದು ಬರೆದಿಟ್ಟ. ಆಮೇಲೆ? ನೇಗಿಲು ಉತ್ತಿದೆ, ಬೆಳೆ ಬಂದಿದೆ, ಕೊಯ್ಲಾಗಿದೆ, ಮತ್ತೆ ನೇಗಿಲು. ನೆಲದ ಮೇಲೆ ನಿಂತವನಿಗೆ ದಿಬ್ಬದಾಚೆ ಏನೂ ಇಲ್ಲ.

ಪೂರ್ವದ ಹೊಲಗಳ ಪ್ಲೇಟನ್ನು ಬೆಳಕಿಗೆ ಎತ್ತುತ್ತೀರಿ.

ಮೊದಲು ಏನೂ ಕಾಣುವುದಿಲ್ಲ. ಬದುಗಳು, ಒಂದು ರಸ್ತೆ, ಮರಗಳ ಸಾಲು. ಕಣ್ಣು ನೀರಾಡುತ್ತದೆ. ರೆಪ್ಪೆ ಬಡಿದು ಮತ್ತೆ ನೋಡುತ್ತೀರಿ. ಅಲ್ಲಿ ಏನೋ ಇದೆ. ಕೂದಲೆಳೆಯಂಥ ಒಂದು ಗೆರೆ. ಅದರ ಪಕ್ಕ ಇನ್ನೊಂದು. ಎರಡೂ ಜೊತೆಜೊತೆಗೆ ಸಾಗಿವೆ, ದಿಬ್ಬವನ್ನು ದಾಟಿವೆ. ಉಸಿರು ತಾನಾಗಿ ನಿಲ್ಲುತ್ತದೆ. ಉಸಿರಿನ ಹಬೆ ಗಾಜಿಗೆ ತಾಗಬಾರದಲ್ಲ.

ಗೀರು ಬಿದ್ದಿರಬಹುದೇ? ಪ್ಲೇಟಿನ ಗೀರು ಹೊಲ ನೋಡುವುದಿಲ್ಲ, ಬದು ನೋಡುವುದಿಲ್ಲ, ಒಂದೇ ಸಮ ಓಡುತ್ತದೆ. ಇವು ಹಾಗಲ್ಲ. ಒಂದು ಹೊಲದಲ್ಲಿ ಎದ್ದು ಕಾಣುತ್ತವೆ, ಬದು ದಾಟಿದ ಕೂಡಲೇ ಮಾಸುತ್ತವೆ. ಅಂದರೆ ಗೆರೆ ಗಾಜಿನಲ್ಲಿಲ್ಲ, ಬೆಳೆಯಲ್ಲಿದೆ.

ಬೆಳೆ ಏಕೆ ಗೆರೆ ಎಳೆಯುತ್ತದೆ ಎಂದು ನಮ್ಮ ಕಡೆಯ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಹಳೆಯ ತಿಪ್ಪೆಗುಂಡಿ ಮುಚ್ಚಿ ಉತ್ತ ಜಾಗದಲ್ಲಿ ರಾಗಿ ಎಷ್ಟು ಕಪ್ಪಗೆ ಸೊಕ್ಕಿ ನಿಲ್ಲುತ್ತದೆಂದು ಅವರಿಗೆ ಗೊತ್ತು. ಇಲ್ಲಿಯೂ ಅಷ್ಟೇ. ವಿಲ್ಟ್‌ಶೈರಿನ ಈ ನೆಲದಲ್ಲಿ ಮೇಲ್ಮಣ್ಣು ತೆಳು, ಕೆಳಗೆಲ್ಲ ಸೀಮೆಸುಣ್ಣದ ಬಂಡೆ. ಯಾರೋ ಆ ಬಂಡೆ ಕೊರೆದು ಅಗಳು ತೋಡಿದ್ದರೆ, ಸಾವಿರಾರು ವರ್ಷದಲ್ಲಿ ಅದರೊಳಗೆ ಹೂಳು ತುಂಬುತ್ತದೆ. ಹೂಳು ತೇವ ಹಿಡಿದಿಟ್ಟುಕೊಳ್ಳುತ್ತದೆ. ಅಕ್ಕಪಕ್ಕದ ಪೈರು ಬಾಡಿದರೂ ಅಗಳಿನ ಮೇಲಿನ ಪೈರು ಹಸಿರು ಬಿಡುವುದಿಲ್ಲ. 1921ರಲ್ಲಿ ದಕ್ಷಿಣ ಇಂಗ್ಲೆಂಡಿಗೆ ಮಳೆ ಕೈಕೊಟ್ಟಿತ್ತು. ರೈತ ಆಕಾಶ ನೋಡಿ ನಿಟ್ಟುಸಿರಿಟ್ಟ ಆ ಬೇಸಿಗೆಯಲ್ಲೇ ಮಣ್ಣು ತನ್ನ ಹಳೆಯ ಗಾಯವನ್ನು ತೋರಿಸಿದೆ. ಮಳೆ ಚೆನ್ನಾಗಿ ಬಂದಿದ್ದರೆ ಈ ಪ್ಲೇಟಿನಲ್ಲಿ ಹೊಲ ಬಿಟ್ಟು ಬೇರೇನೂ ಇರುತ್ತಿರಲಿಲ್ಲ.

ಗೆರೆಗಳ ಬೆನ್ನು ಹತ್ತಿ. ದಿಬ್ಬ ಇಳಿದ ಮೇಲೆ ಅವು ನೇರ ಹೋಗುವುದಿಲ್ಲ. ನಿಧಾನವಾಗಿ, ಎರಡೂ ಒಟ್ಟಿಗೆ, ದಕ್ಷಿಣಕ್ಕೆ ಬಾಗುತ್ತವೆ. ಆ ಕಡೆ ಇರುವುದು ವೆಸ್ಟ್ ಏಮ್ಸ್‌ಬರಿ ಎಂಬ ಹಳ್ಳಿ. ಅದರಾಚೆ ಏವನ್ ಹೊಳೆ.

ಹೊಳೆ! ಮೈ ಜುಮ್ಮೆನ್ನುತ್ತದೆ. ಬಯಲಿನ ನಡುವೆ ಒಂಟಿಯಾಗಿ ನಿಂತಿವೆ ಎಂದುಕೊಂಡಿದ್ದ ಕಲ್ಲುಗಳಿಂದ ನೀರಿನವರೆಗೆ, ಸುಮಾರು 2.5 ಕಿಲೋಮೀಟರ್, ಜನ ಕೂಡಿ ದಾರಿ ಮಾಡಿದ್ದಾರೆ. ಎಲ್ಲಿಂದಲೋ ಬಂದವರು ಹೊಳೆಯಿಂದ ಹತ್ತಿ, ಬಾಗಿ, ದಿಬ್ಬದ ನೆತ್ತಿಯಲ್ಲಿ ಕಲ್ಲುಗಳನ್ನು ಕಂಡು, ತಗ್ಗಿಗಿಳಿದು ಮತ್ತೆ ಏರಿರಬೇಕು. (ಈ ದಾರಿಯ ಹೊಳೆತುದಿಯಲ್ಲಿ ಕಲ್ಲು ಕಿತ್ತೊಯ್ದ ಗುಂಡಿಗಳ ಇನ್ನೊಂದು ವೃತ್ತವೇ ಇತ್ತೆಂದು 2009ರಲ್ಲಿ ಜಗತ್ತಿಗೆ ತಿಳಿಯುತ್ತದೆ. ಅದನ್ನು ಕಾಣಲು ನೀವು ಇರುವುದಿಲ್ಲ.)

ಈಗ ಭಯ ಶುರುವಾಗುತ್ತದೆ. ಇದೇ ವರ್ಷ ಮಾರ್ಚಿನಲ್ಲಿ ನೀವು ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯಲ್ಲಿ ನಿಂತು, ಪುರಾತತ್ವಕ್ಕೆ ವಿಮಾನ ಏನು ಮಾಡಬಲ್ಲದೆಂದು ವಾದಿಸಿದ್ದೀರಿ. ಹೋದ ವರ್ಷ ಹ್ಯಾಂಪ್‌ಶೈರಿನ ಚಿತ್ರಗಳಲ್ಲಿ ಪ್ರಾಚೀನ ಹೊಲಗಳ ಜಾಲವನ್ನು ಗುರುತಿಸಿದ ಧೈರ್ಯ ಅದು. ಈ ಗೆರೆಗಳು ಅವೆನ್ಯೂ ಅಲ್ಲದೆ ಹೋದರೆ? ಬಂಡಿಜಾಡು ಆಗಿದ್ದರೆ? ನೀರಿನ ಪೈಪಿಗೆ ತೋಡಿದ ಕಾಲುವೆಯಾಗಿದ್ದರೆ? ಒಂದು ತಪ್ಪಿಗೆ ನಿಮ್ಮ ಹೆಸರೊಂದೇ ಅಲ್ಲ, ಈಗಷ್ಟೇ ಕಣ್ಣು ಬಿಟ್ಟ ಒಂದು ವಿದ್ಯೆಯೇ ನಗೆಪಾಟಲಾಗುತ್ತದೆ. ಅಳತೆಪಟ್ಟಿ ಇಡುತ್ತೀರಿ. ಕೈ ನಡುಗುತ್ತದೆ, ಮತ್ತೆ ಇಡುತ್ತೀರಿ. ಗೆರೆಗಳ ನಡುವಿನ ಅಂತರ, ಕಲ್ಲುಗಳ ಹತ್ತಿರದ ಅವೆನ್ಯೂವಿನ ಅಗಲ. ಹೊಂದುತ್ತದೆ. ಬಂಡಿಜಾಡಿಗೆ ಇಷ್ಟು ಅಗಲ ಬೇಕಿಲ್ಲ. ಪೈಪಿಗೆ ಜೋಡಿ ಕಾಲುವೆ ಬೇಕಿಲ್ಲ.

ಹೇಳಬೇಕೇ, ಅಗೆದು ನೋಡುವವರೆಗೆ ಸುಮ್ಮನಿರಬೇಕೇ? ಹುಷಾರಿಯವನು ಸುಮ್ಮನಿರುತ್ತಾನೆ. ನೀವು ಹೇಳುತ್ತೀರಿ. ಜುಲೈನಲ್ಲಿ ‘ಅಬ್ಸರ್ವರ್’ ಪತ್ರಿಕೆಯಲ್ಲಿ ಸುದ್ದಿ ಅಚ್ಚಾಗುತ್ತದೆ, ಇನ್ನೂ ಒಂದು ಗುದ್ದಲಿ ಏಟೂ ಬಿದ್ದಿಲ್ಲ. ನನ್ನ ಮಟ್ಟಿಗೆ ಕ್ರಾಫರ್ಡ್‌ನ ಬದುಕಿನ ದೊಡ್ಡ ಧೈರ್ಯ ಇದೇ, ವಿಮಾನ ಹತ್ತಿದ್ದಲ್ಲ.

ಸೆಪ್ಟೆಂಬರ್. ಬೂಟಿನ ಕೆಳಗೆ ಕೂಳೆ ಮುರಿಯುವ ಸದ್ದು. ಜೊತೆಯಲ್ಲಿ ವಿಲ್ಟ್‌ಶೈರಿನವರೇ ಆದ ಪಾಸ್‌ಮೋರ್ ಎಂಬವರಿದ್ದಾರೆ. ಕಣ್ಣೆದುರು ಸಪಾಟು ನೆಲ, ಗೆರೆಯ ಗುರುತೇ ಇಲ್ಲ. ಎಲ್ಲಿ ಅಗೆಯಬೇಕೆಂದು ಹೇಳುವುದು ಆ ಗಾಜಿನ ತುಂಡು ಮಾತ್ರ. ಪಾದದ ಹಳೆಯ ಗಾಯ ಚುಳ್ಳೆನ್ನುತ್ತಿದೆ. ಸಲಿಕೆ ಇಳಿಯುತ್ತದೆ. ಒಂದು ಗೇಣಿಗೇ ಬಂಡೆ, ಠಣ್. ಬಿಳಿ. ಒಂದು ಹೆಜ್ಜೆ ಪಕ್ಕಕ್ಕೆ. ಠಣ್. ಮತ್ತೆ ಬಿಳಿ. ಗಂಟಲು ಒಣಗುತ್ತದೆ. ಇನ್ನೊಂದು ಹೆಜ್ಜೆ. ಸಲಿಕೆ ಸದ್ದಿಲ್ಲದೆ ಇಳಿಯಿತು. ಇನ್ನೂ ಇಳಿಯಿತು. ಬಗ್ಗಿ ಕೈಯಿಂದ ಮಣ್ಣು ಸರಿಸುತ್ತೀರಿ. ಬಿಳಿ ಬಂಡೆ ಓರೆಯಾಗಿ ಕೆಳಗಿಳಿದಿದೆ, ಅದರ ಮಡಿಲಲ್ಲಿ ಕಂದು ಹೂಳು, ತಣ್ಣಗೆ, ಒದ್ದೆ. ಅಗಳಿನ ಅಂಚು ಬೆರಳಿಗೆ ಸಿಗುತ್ತದೆ. ಯಾರೋ ಕಡಿದ ಅಂಚು.

ಒಂದು ಸಿಕ್ಕರೆ ಸಾಲದು, ಜೋಡಿ ಬೇಕು. ಟೇಪಿನ ಒಂದು ತುದಿ ಪಾಸ್‌ಮೋರ್ ಕೈಯಲ್ಲಿ, ಇನ್ನೊಂದು ತುದಿ ಹಿಡಿದು ನೀವು ಹೊಲದ ಅಡ್ಡಕ್ಕೆ ಹೆಜ್ಜೆ ಹಾಕುತ್ತೀರಿ. ಪ್ಲೇಟು ಹೇಳಿದ ಜಾಗದಲ್ಲಿ ಗೂಟ ನೆಟ್ಟು ಸಲಿಕೆ ಊರುತ್ತೀರಿ. ಈ ಸಲ ಠಣ್ ಎನ್ನುವುದಿಲ್ಲ.