ಕೂಸಿಗೆ ಹಾಲು ಬ್ಯಾಡಂದ್ರು

ಮಗಳ ಹೆರಿಗಿ ಆಗಿ ಮೂರನೇ ದಿನಾ ನರ್ಸಬಾಯಿ ಬಂದು ಕೂಸಿನ ಹಿಮ್ಮಡಕ್ಕ ಸೂಜಿ ಚುಚ್ಚಿದ್ಲು. ದಪ್ಪ ಕಾಗದದ ಮ್ಯಾಲೆ ನಾಕ್ ಹನಿ ರಕ್ತ ಇಳಿಸಿ ಆರಾಕಿಟ್ಲು. ಕೂಸು ಕಿಟಾರನ ಚೀರಿತು. "ಬಿಲ್ ಏರಸಾಕ ಏನೇನ್ ಮಾಡ್ತೀರವಾ" ಅಂತ ನಾನಽ ಗೊಣಗಿದೆ. ಹುಟ್ಟಿ 48ರಿಂದ 72 ತಾಸಿನೊಳಗ, ನಾಕಾರು ಸಲ ಹಾಲು ಕುಡದ ಮ್ಯಾಲೆ, ಈ ರಕ್ತ ತಗೀತಾರಂತ. ನಮ್ಮ ಕಡೆ ಎಲ್ಲಾ ದವಾಖಾನ್ಯಾಗೂ ಈ ಪರೀಕ್ಷಾ ಇಲ್ರಿ, ಕೇಳಿ ಮಾಡಸಬೇಕು. ನಾವೇನೂ ಕೇಳಿರಲಿಲ್ಲ, ಅವರಽ ಮಾಡಿದ್ರು.

ಎಂಟನೇ ದಿನಾ ಕೂಸು ಕುಡದದ್ದೆಲ್ಲಾ ಕಾರಾಕ ಹತ್ತಿತು, ಕಣ್ಣು ಹಳದಿ ಆದವು. ಎಳೇ ಬಿಸಲಿಗೆ ಹಿಡದೆ, ದೃಷ್ಟಿ ತಗದೆ. ಇನ್ನಷ್ಟು ಹಾಲು ಕುಡಸು ಅಂತ ಮಗಳಿಗೆ ಹೇಳಿದೆ. ಸಂಜಿಗೆ ಫೋನ್ ಬಂತು: ಎದಿಹಾಲು ನಿಲ್ಲಸ್ರಿ, ಈಗಿಂದೀಗ ಕರ್ಕೊಂಡ್ ಬರ್ರಿ.

ಗ್ಯಾಲಕ್ಟೋಸೀಮಿಯಾ ಅಂದ್ರು. ಹಾಲಿನ ಸಕ್ಕರಿ ಹೊಟ್ಟ್ಯಾಗ ಒಡದು ಗ್ಲೂಕೋಸು, ಗ್ಯಾಲಕ್ಟೋಸು ಆಗ್ತೈತಂತ. ಆ ಗ್ಯಾಲಕ್ಟೋಸ್ ಅರಗಸೋ ಎಂಜೈಮ್ ನಮ್ಮ ಕೂಸಿಗಿಲ್ಲ. ಮೈಯಾಗ ಕೂಡಕೋತ ಹೋಗಿ ಲಿವರ್, ಕಿಡ್ನಿ, ಕಣ್ಣು ಕೆಡಸ್ತೈತಿ. ಉಚ್ಚಿ ಪರೀಕ್ಷಾದಾಗ ಕಿಡ್ನಿಗೂ ಪೆಟ್ಟು ಬಿದ್ದದ್ದು ಕಾಣಿಸಿತ್ತು. ಸೋಯಾ ಪುಡಿ ಕಲಿಸಿ ಕುಡಸಾಕ ಹತ್ತಿದ ಮ್ಯಾಲೆ ಅದು ಸುಧಾರಿಸಿತು. ಮಗಳು ಮಾತ್ರ ಬಿಗದ ಎದಿ ಹಿಡಕೊಂಡು ಗ್ವಾಡಿ ಕಡೆ ಮಾರಿ ಮಾಡಿ ಅಳ್ತಿದ್ಲು.

ಆಕಿನ್ನ ನನ್ನ ತಮ್ಮಗಽ ಕೊಟ್ಟೇವಿ. ಗಂಡಾ ಹೆಂಡ್ತಿ ಇಬ್ರ ಮೈಯಾಗೂ ಕೆಟ್ಟ ಜೀನ್ ಒಂದೊಂದು ಐತಿ, ಪ್ರತಿ ಬಸಿರಿಗೂ ನಾಕರಾಗ ಒಂದು ಪಾಲು ಹಿಂಗ ಆಗಬಹುದು ಅಂತ ಡಾಕ್ಟರ್ ಹೇಳುವಾಗ ನಾನು ನೆಲಾ ನೋಡ್ಕೋತ ಕುಂತಿದ್ದೆ. ಹಟಾ ಹಿಡದು ಆ ಸಂಬಂಧ ಮಾಡಿದಾಕಿ ನಾನಽ.

ತೊಟ್ಟಲಕ್ಕ ಹಾಕೋ ದಿನಾ ಅಕ್ಕ ಬಂದಿದ್ಲು. ಆಕಿನೂ ಸೋದರಮಾವನ್ನ ಮಾಡಿಕೊಂಡಾಕಿ. ಆಕಿ ಮೊದಲನೇ ಗಂಡು ಕೂಸು ಹಿಂಗಽ ಕಾರಿ ಕಾರಿ, ಹಳದಿ ಆಗಿ, ಹನ್ನೆರಡನೇ ದಿನಾ ಹೋತು. ಶಕ್ತಿ ಬರಲಿ ಅಂತ ನಮ್ಮವ್ವ ಕಡೀತನಕಾ ಎದಿಗೆ ಹಚ್ಚಿ ಹಚ್ಚಿ ಕುಡಸಿದ್ಲು.

"ತಂಗೀ, ನನ್ನ ಕೂಸಿಗೂ ಹಾಲಽ ಆಗಿತ್ತೇನ?" ಅಂದ್ಲು ಅಕ್ಕ.

ಇದನ್ನ ನಾನು ಡಾಕ್ಟರಿಗೆ ಮೊದಲಽ ಕೇಳಿದ್ದೆ. ಈಗ ಹೇಳಾಕ ಬರಂಗಿಲ್ಲ ಅಂದಿದ್ರು. ಆಕಿಗೂ ಅಷ್ಟಽ ಹೇಳಿದೆ. ಬಂದವರು ಯಾರರ ಕೂಸಿನ ಬಾಯಿಗೆ ಹಚ್ಚ್ಯಾರು ಅಂತ ಪೇಢೇದ ಡಬ್ಬಿ ಒಳಗಿಟ್ಟು ಬಂದು, ಆಕಿ ಬಾಜೂಕ ಕುಂತೆ.