ಡ್ರಾಯರಿನೊಳಗಿನ ಅಜ್ಜಿ

ಕಾರ್ಟೂನು ಎಂದ ಕೂಡಲೇ ನಮ್ಮ ಉಪಾಧ್ಯಾಯರ ಕೊಠಡಿಯಲ್ಲಿ ಎಲ್ಲರ ಹುಬ್ಬೂ ಗಂಟಾಗುತ್ತದೆ. ಮಗ್ಗಿ ಬಾರದ್ದಕ್ಕೆ ಕಾರ್ಟೂನು ಕಾರಣ, ಅಕ್ಷರ ಗುಂಡಗಿಲ್ಲದ್ದಕ್ಕೆ ಕಾರ್ಟೂನು ಕಾರಣ, ಬಿಸಿಯೂಟದ ಸಾರಿನಲ್ಲಿ ತರಕಾರಿ ಆರಿಸಿ ಪಕ್ಕಕ್ಕಿಡುವುದಕ್ಕೂ ಅದೇ ಕಾರಣ. ನಂಜನಗೂಡಿನ ಮನೆಯಿಂದ ತಿ. ನರಸೀಪುರದ ಕಡೆಯ ಶಾಲೆಗೆ ದಿನವೂ ಬಸ್ಸಿನಲ್ಲಿ ಓಡಾಡುವ ನಾನು ಈ ದೂರುಗಳನ್ನು ಕೇಳುತ್ತಲೇ ತಲೆ ನರೆಸಿಕೊಂಡವಳು. ಆದರೂ ಒಂದು ಕಾರ್ಟೂನಿನ ಪರವಾಗಿ ನಾಲ್ಕು ಮಾತು ಆಡಬೇಕೆನಿಸಿದೆ.

ಅದು ಡೋರೆಮಾನ್. ಜಪಾನಿನ ಫುಜಿಕೊ ಎಫ್. ಫುಜಿಯೊ ಎಂಬ ಕಾವ್ಯನಾಮದ ಚಿತ್ರಕಾರರು 1969ರ ಕೊನೆಯಲ್ಲಿ ಹುಟ್ಟಿಸಿದ ನೀಲಿ ಬೆಕ್ಕು. ಇಪ್ಪತ್ತೆರಡನೇ ಶತಮಾನದ ಯಂತ್ರದ ಬೆಕ್ಕಾದರೂ ಇಲಿ ಕಂಡರೆ ಹೆದರಿ ಓಡುತ್ತದೆ, ಏಕೆಂದರೆ ಅದರ ಕಿವಿಗಳನ್ನು ತಿಂದದ್ದೇ ಇಲಿ! ಅದರ ಗೆಳೆಯ ನೊಬಿತಾ. ಪರೀಕ್ಷೆಯಲ್ಲಿ ಸೊನ್ನೆ, ಬೀದಿಯಲ್ಲಿ ಏಟು, ಮನೆಯಲ್ಲಿ ನಿದ್ದೆ. ಇಂಥ ನೊಬಿತಾ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಪ್ರತಿವರ್ಷವೂ ಒಬ್ಬ ಇದ್ದೇ ಇರುತ್ತಾನೆ.

ಈ ಬೆಕ್ಕು 2005ರಲ್ಲಿ ನಮ್ಮ ದೇಶದ ಟಿ.ವಿ.ಗೆ ಬಂದಾಗ ಹಿಂದಿಯಲ್ಲಿ ಮಾತಾಡುತ್ತಿತ್ತು. ಹೊರಗಿನ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡಬಾರದೆಂಬ ಅಲಿಖಿತ ಕಟ್ಟಳೆ ನಮ್ಮಲ್ಲಿ ದಶಕಗಳ ಕಾಲ ಇತ್ತಲ್ಲವೆ? 2009ರಲ್ಲಿ ಚಿಂಟು ಟಿ.ವಿ. ಮಕ್ಕಳ ಕಾರ್ಯಕ್ರಮಗಳನ್ನು ಕನ್ನಡಕ್ಕೆ ತಂದಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ಕಟ್ಟಳೆಯ ವಿರುದ್ಧವೇ ಆದೇಶ ಕೊಟ್ಟಿತು. ಅಷ್ಟು ಹೊತ್ತಿಗೆ ನಮ್ಮ ಹಳ್ಳಿಯ ಮಕ್ಕಳು ಬೆಕ್ಕಿನ ಬಾಯಿಂದಲೇ ಹಿಂದಿ ಕಲಿತಾಗಿತ್ತು.

ಇದರಲ್ಲಿ ಅಜ್ಜಿಯ ಕಥೆಯೊಂದಿದೆ. 1970ರಲ್ಲಿ ಬರೆದದ್ದು, ಜಪಾನಿನಲ್ಲಿ 2000ದಲ್ಲಿ ಕಿರುಚಿತ್ರವಾಗಿ, 2020ರಲ್ಲಿ ದೊಡ್ಡ ಸಿನಿಮಾದೊಳಗೂ ಬಂತು. ನೊಬಿತಾನಿಗೆ ಹಳೆಯ ಕರಡಿ ಗೊಂಬೆ ಸಿಗುತ್ತದೆ. ಹರಿದಿದ್ದ ಅದನ್ನು ಹೊಲಿದುಕೊಟ್ಟವಳು ಅವನು ಚಿಕ್ಕವನಿದ್ದಾಗಲೇ ತೀರಿಕೊಂಡ ಅಜ್ಜಿ. ಅವಳನ್ನು ನೋಡಲೇಬೇಕೆಂದು ಹಟ. ಅವನ ಮೇಜಿನ ಡ್ರಾಯರಿನೊಳಗೇ ಕಾಲಯಂತ್ರ ಇರುವುದರಿಂದ ಇಬ್ಬರೂ ಅದರೊಳಗೆ ಇಳಿದು ಹಿಂದಕ್ಕೆ ಹೋಗುತ್ತಾರೆ. ‘ನಾನೇ ನೊಬಿತಾ’ ಎಂದರೆ ಅಜ್ಜಿ ಬೆಚ್ಚಿಬೀಳುವುದಿಲ್ಲ, ನಂಬುತ್ತಾಳೆ. ಮೊಮ್ಮಗ ಶಾಲೆಗೆ ಹೋಗುವುದನ್ನು ನೋಡಬೇಕೆಂಬ ಅವಳ ಆಸೆಗೆ ಇವನು ಓಡಿಹೋಗಿ ಚೀಲ ತಂದು ತೋರಿಸುತ್ತಾನೆ. ಆಮೇಲೆ ಅವಳಿಗೆ ಅವನ ಹೆಂಡತಿಯನ್ನೂ ನೋಡುವ ಆಸೆ! ಹುಡುಗ ಅಲ್ಲಿಂದ ಓಡಿದವನೇ ಶಿಜುಕಾಳ ಮುಂದೆ ನಿಂತು, ಈಗಲೇ ಮದುವೆಯಾಗು ಎನ್ನುತ್ತಾನೆ. ನೋಡಿದವರಿಗೆ ನಗು, ಕಣ್ಣಂಚೂ ಒದ್ದೆ.

2022ರಲ್ಲಿ ಆರನೇ ತರಗತಿಗೆ ‘ನನ್ನ ಅಜ್ಜಿ’ ಎಂಬ ಪ್ರಬಂಧ ಕೊಟ್ಟಿದ್ದೆ. ಎಲ್ಲರ ಅಜ್ಜಿಯರೂ ಒಂದೇ ಅಚ್ಚಿನವರು: ಕಥೆ ಹೇಳುತ್ತಾರೆ, ರೊಟ್ಟಿ ಸುಡುತ್ತಾರೆ. ಒಬ್ಬ ಹುಡುಗ ಮಾತ್ರ ಒಂದು ಅಕ್ಷರವನ್ನೂ ಬರೆಯದೆ ಹಾಳೆಯ ನಡುವೆ ಒಂದು ಮೇಜು ಬರೆದು, ಅದರ ಡ್ರಾಯರನ್ನು ಅರ್ಧ ತೆರೆದಿಟ್ಟಿದ್ದ. ಅವನ ತಾಯಿ ಬೆಳಗಾಗುವ ಮೊದಲೇ ಕೆಲಸಕ್ಕೆ ಹೋಗುವವಳು, ಸಾಕಿದ್ದು ಅಜ್ಜಿ. 2021ರ ಕೊರೊನಾದಲ್ಲಿ ಆಸ್ಪತ್ರೆ ಸೇರಿದ ಅಜ್ಜಿ ಮನೆಗೆ ಮರಳಲಿಲ್ಲವೆಂಬುದು ನನಗೆ ಗೊತ್ತಿತ್ತು. ಹತ್ತಿರ ಕೂರಿಸಿಕೊಂಡು ಕೇಳಿದೆ. ಬಹಳ ಹೊತ್ತಿನ ಮೇಲೆ ಬಾಯಿಬಿಟ್ಟ:

“ಅಜ್ಜಿ ಫೋನ್ ಮಾಡಿತ್ತು ಮಿಸ್. ಅವ್ವ ಕೊಡಕ್ ಬಂತು. ನಾ ಈಸ್ಕಳ್ಳಿಲ್ಲ. ಡೋರೆಮಾನ್ ಬತ್ತಿತ್ತು.”

ಹತ್ತು ವರ್ಷದ ಎದೆ ಒಂದು ವರ್ಷ ಹೊತ್ತ ಭಾರವಿದು. ‘ಪರವಾಗಿಲ್ಲ ಕಂದ’ ಎಂದರೆ ಇಳಿಯುವಂಥದಲ್ಲ. ನಾನು ಅಂದು ಏನೂ ಹೇಳಲಿಲ್ಲ. ಮರುದಿನ ಕನ್ನಡದ ಪಿರಿಯಡ್ಡಿನಲ್ಲಿ ಅವನನ್ನು ನಿಲ್ಲಿಸಿ, ಡೋರೆಮಾನ್‌ನ ಅಜ್ಜಿ ಕಥೆಯನ್ನು ಎಲ್ಲರಿಗೂ ಕನ್ನಡದಲ್ಲಿ ಹೇಳಪ್ಪ ಎಂದೆ.

ಮೊದಲು ತಡವರಿಸಿದ. ಮದುವೆಯ ಜಾಗ ಬಂದಾಗ ಇಡೀ ತರಗತಿ ಬೆಂಚು ಬಡಿದು ನಕ್ಕಿತು, ಅವನೂ ನಕ್ಕ. ಅಜ್ಜಿಗೆ ಗುರುತು ಸಿಕ್ಕಿದ್ದನ್ನು ಹೇಳಲು ಹಿಂದಕ್ಕೆ ಹೋದ. ‘ನೀವು ನನ್ನ ಮಾತನ್ನು ನಂಬುತ್ತೀರಾ’ ಎಂದು ನೊಬಿತಾ ಕೇಳುವ ಜಾಗ. ಹುಡುಗ ಹಿಂದಿಯನ್ನು ಬಿಟ್ಟ, ಪುಸ್ತಕದ ಕನ್ನಡವನ್ನೂ ಬಿಟ್ಟ. “ಅಯ್ಯೋ ನನ್ ಮಗನೆ, ನೀ ಹೇಳುದ್ ಮ್ಯಾಲ ಮುಗೀತು ಕನಪ್ಪ, ಉಣ್ಣು ಬಾ” ಎಂದ. ಜಪಾನಿನ ಅಜ್ಜಿ ‘ಉಣ್ಣು ಬಾ’ ಎಂದಿರಲಾರಳು. ಆ ಮಾತು ಯಾರದೆಂದು ಅವನಿಗೂ ತಿಳಿದಿರಬೇಕು. ಅಲ್ಲಿಗೇ ನಿಲ್ಲಿಸಿ ಕಿಟಕಿಯ ಕಡೆ ತಿರುಗಿಕೊಂಡ. ಯಾರೂ ನಗಲಿಲ್ಲ.

ನಗೆಯ ಬೆನ್ನಿಗೆ ದೊಡ್ಡ ಮಾತನ್ನು ಕಟ್ಟಿ ಕಳಿಸುವುದು ಜಪಾನಿನವರು ಮಾತ್ರ ಬಲ್ಲ ವಿದ್ಯೆಯೇನಲ್ಲ. ಕಪಿಲೆ ಕಾವೇರಿಯನ್ನು ಸೇರುವ ತಿ. ನರಸೀಪುರದಲ್ಲಿ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿ ಇದೆ. ತೂಗಿ ನೋಡಿದರೆ ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿಯಷ್ಟು ಹೆಚ್ಚಂತೆ! ಕೇಳಿದರೆ ನಗು ಬರುತ್ತದೆ. ಆದರೆ ಕಾಶಿಗೆ ಹೋಗಲು ಕಾಸಿಲ್ಲದೆ ಇಲ್ಲೇ ಮುಳುಗು ಹಾಕಿದ ಎಷ್ಟು ಅಜ್ಜಿಯರಿಗೆ ಆ ಒಂದು ಗುಲಗಂಜಿ ಸಮಾಧಾನ ಕೊಟ್ಟಿರಬೇಡ! ಉಪದೇಶ ಹೋಗಲಾಗದ ಕಡೆಗೆ ತಮಾಷೆ ನುಸುಳಿಕೊಂಡು ಹೋಗುತ್ತದೆ. ಆ ಹುಡುಗನ ಮಟ್ಟಿಗೆ, ಫೋನಿನ ದಾರಿಗೆ ಅಡ್ಡ ಕೂತಿದ್ದ ಬೆಕ್ಕೇ ಎದ್ದು ದಾರಿ ಬಿಟ್ಟಿತು.

ಅದೇ ವಾರ ಅವನು ಪ್ರಬಂಧ ಬರೆದು ತಂದ. ಕಾಗುಣಿತದ ತಪ್ಪು ಒಂಬತ್ತು. ಕೆಂಪು ಶಾಯಿ ಹಚ್ಚಲು ಕೈ ಬರಲಿಲ್ಲ. ಕೊನೆಯ ಸಾಲು ಇಷ್ಟೇ ಇತ್ತು: “ಅಜ್ಜಿ, ಈಗ ಫೋನ್ ಮಾಡು, ಟಿ.ವಿ. ಆರಿಸಿದ್ದೀನಿ.”